ಮುಂದಕ್ಕೋಗವ್ವ

ನನ್ನ ಮೊಮ್ಮಗಳಿಗೆ ನಮ್ಮೂರ ಶಾಲೆಯಲ್ಲೇ ಟೀಚರ್ ಕೆಲಸ ಸಿಕ್ಕಿದೆ! ಬೀದಿಗೆಲ್ಲ ಸಿಹಿ ಹಂಚಿ ಬಂದು ಮಿಲ್ಲಿಗೆ ಕಳಿಸಲು ರಾಗಿ ಚೀಲ ಬಿಚ್ಚಿದರೆ, ಆ ಗೋಣಿಯ ಘಮಕ್ಕೆ ಒಂದು ಮಧ್ಯಾಹ್ನ ಕಣ್ಣ ಮುಂದೆ ನಿಂತಿದೆ.

ಅದೇ ಶಾಲೆಯ ಹೆಂಚಿನ ಖರ್ಚಿಗೆಂದು ನಮ್ಮೂರಿನವರು ಗಾಡಿ ಕಟ್ಟಿಕೊಂಡು, ಬಿಳಿಗೆರೆ ಕಡೆಯ ಹಳ್ಳಿಗಳಲ್ಲಿ ಮನೆಮನೆಯಿಂದ ದಾನದ ರಾಗಿ ಎತ್ತಲು ಹೊರಟಿದ್ದರು. ಆಗಿನ್ನೂ ಚಿಕ್ಕವಳು ನಾನು; ನಾನೂ ಬರುತ್ತೇನೆಂದು ಹಟ ಹಿಡಿದೆ.

"ಎಣ್ಣೈಕ್ಳು ಊರೂರು ತಿರುಗಾದಾ?" ಎಂದು ಅಜ್ಜಿ ರೇಗಿದಳು.

"ಇವತ್ತೊಂದಿನ ಬರ್ಲಿ ಕಣವ್ವ. ಖಾಲಿ ಚೀಲ ತಂದ್ರೆ ನಾಳೆಯಿಂದ ಮನೇಲೇ ಇರ್ತಾಳೆ" ಎಂದು ಅಪ್ಪ ನನ್ನನ್ನು ಗಾಡಿಗೆ ಹತ್ತಿಸಿಕೊಂಡ.

ಮೊದಲ ಮನೆಯ ಬಾಗಿಲಲ್ಲೇ ಚೀಲ ಹಿಡಿದು ನಿಂತರೆ, ಹೆಂಗಸೊಬ್ಬಳು ಒಳಗಿನಿಂದ "ಮುಂದಕ್ಕೋಗವ್ವ" ಎಂದಳು. ಬಾಯಿಬಿಟ್ಟು ಇಲ್ಲ ಎನ್ನಬಾರದೆಂದು ಹಾಗನ್ನುತ್ತಾರೆ ಅಂತ ನನಗೇನು ಗೊತ್ತು? ಮುಂದಕ್ಕೆ ಹೋದೆ. ಹೊಸ್ತಿಲು ದಾಟಿ, ಪಡಸಾಲೆ ದಾಟಿ, ಒಲೆಯ ಹತ್ತಿರ ನಿಂತು "ಇನ್ನೂ ಮುಂದಕ್ಕಾ?" ಎಂದೆ.

"ಅಯ್ಯೋ, ನಿನ್ ಮನೆ ಕಾಯೋಗ!" ಎಂದು ಆಕೆ ನಕ್ಕು ನಕ್ಕು ಕಣ್ಣೊರೆಸಿಕೊಂಡು, ಮೊರದ ತುಂಬ ರಾಗಿ ತಂದು ಚೀಲಕ್ಕೆ ಸುರಿದಳು. ಸುದ್ದಿ ನನಗಿಂತ ಮುಂಚೆ ಬೀದಿ ಸುತ್ತಿತು. "ಎಲ್ಲಿ, ಆ ಮುಂದಕ್ಕೋದ ಮಗು?" ಎಂದು ಮನೆಮನೆಯವರೂ ಕರೆದು ರಾಗಿ ಹಾಕಿದರು.

ಸಂಜೆ ಮನೆಮಂದಿಯೆಲ್ಲ ಉಣ್ಣಲು ಕುಳಿತಾಗ ಅಪ್ಪ ಇದನ್ನು ಹೇಳಿ ಎಲ್ಲರನ್ನೂ ನಗಿಸಿದ. ಅಜ್ಜಿ ಮಾತ್ರ ನಗಲಿಲ್ಲ. ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟು, ಸಾರು ಬಿಟ್ಟು, ಅಪ್ಪನಿಗೆ ಹೇಳಿದಳು: "ನಾಳೆ ಕಳಲೆ ಊರ್ ಕಡೀಕೂ ಮಗೀನ ಕರ್ಕೊಂಡೋಗು ಕಣ್ಲಾ. ನಿಮ್ಮೊಕ ನೋಡಿ ಯಾರ್ ಆಕ್ತಾರೆ?"