ಬೇವಿನ ಕೊಂಬೆಗೆ ತೂಗಿದ ಎಂಜಿನ್

ನಮ್ಮ ಮೊಮ್ಮಗಳಿಗೆ ಲಾರಿ ಓಡಿಸುವ ಲೈಸೆನ್ಸ್ ಬಂತು! ಅವಳ ಕೈಯ ಡೀಸೆಲ್ ವಾಸನೆಗೆ ಹಿರೇಬೆಂಡಿಗೇರಿಯ ನಮ್ಮ ತವರುಮನೆಯ ಅಂಗಳದ ಒಂದು ಮಧ್ಯಾಹ್ನ ನೆನಪಾಯಿತು.

ಲಾರಿ ಮಗುಚಿ ಅಣ್ಣ ತೀರಿಹೋಗಿ ಹದಿನೈದು ದಿನವಾಗಿತ್ತು. ಅಪ್ಪ ಅಂಗಳಕ್ಕೆ ಎಳೆಸಿ ತಂದಿದ್ದ ಆ ಲಾರಿಯ ಎಂಜಿನ್ ಬಿಚ್ಚಿ, ಬೇವಿನ ಕೊಂಬೆಗೆ ಸರಪಳಿ ಕಟ್ಟಿ ಎತ್ತಿದ. ಓಣಿಯವರು ಲಾರಿಯನ್ನು ಹಿಂದಕ್ಕೆ ದಬ್ಬಿದರು. ಎಂಜಿನ್ ಗಾಳಿಯಲ್ಲಿ ತೂಗುತ್ತಾ ಉಳಿಯಿತು.

“ಇನ್ನ ಈ ಮನ್ಯಾಗ ಯಾರೂ ಲಾರಿ ಹತ್ತೂದು ಬ್ಯಾಡ,” ಎಂದ ಅಪ್ಪ.

ಅವ್ವ ಒಳಗಿಂದ ವಿಭೂತಿ ತಂದು, ಅಣ್ಣ ಹೊರಡುವಾಗಲೆಲ್ಲ ಲಾರಿಗೆ ಹಚ್ಚುತ್ತಿದ್ದಂತೆ ಎಂಜಿನ್ನಿಗೆ ಹಚ್ಚಿದಳು. “ಸಾವಕಾಶ ಹೋಗಿ ಬಾ, ತಮ್ಮಾ,” ಎಂದು ಅಣ್ಣನಿಗೆ ಹೇಳುತ್ತಿದ್ದ ಹಾಗೆಯೇ ಹೇಳಿದಳು.

ಅಪ್ಪನ ಕೈ ಸರಪಳಿಯ ಮೇಲೆಯೇ ನಿಂತಿತು. ಯಾರೂ ಅಳಲಿಲ್ಲ.

ಇವತ್ತು ಸಂಜೆ ಮೊಮ್ಮಗಳ ಲಾರಿಗೆ ನಾನೇ ವಿಭೂತಿ ಹಚ್ಚಿದೆ. ಬಾಯಿಗೆ ಅವ್ವನ ಅದೇ ಮಾತು ಬಂತು.

“ಹೋಗೂದು ನಾಳೆ ಐತಿ, ಈಗ ಉಣ್ಣಾಕ ಬಾ ಆಯಿ,” ಎಂದು ಮೊಮ್ಮಗಳು ನಕ್ಕಳು.

ಮನೆಮಂದಿಯೆಲ್ಲ ಒಟ್ಟಿಗೆ ಉಂಡೆವು. ಅವಳು ನನ್ನ ಪಕ್ಕದಲ್ಲೇ ಕುಳಿತಿದ್ದಳು.