ಐದು ಕಾಲಿನ ಒಂಟೆ

ಆಟಿಕೆ ಬಂದೂಕಿನ ಕೆಂಪು ಬೆಳಕು ಎದೆಗೆ ತಾಗಿದ್ದೇ ತಡ, ಸಾಹಸದಾಟದ ಪಾರ್ಕಿನ ಮಣ್ಣಿನ ಮನೆಯ ಮುಂದೆ ನಿಂತಿದ್ದ ಗೋರಿಗಳ್ಳನ ವೇಷದವ ‘ಸತ್ತೆನಪ್ಪೋ’ ಎಂದು ಕೂಗಿ ನೆಲಕ್ಕೆ ಉರುಳಿದ. ಬಂದೂಕು ಹಿಡಿದಿದ್ದ ರೊದೈನಾ ಕುಣಿದಾಡಿದಳು. ಅವಳಪ್ಪ ಶಾಜ್ಲಿ ಚಪ್ಪಾಳೆ ತಟ್ಟಿದ. ಈಜಿಪ್ಟಿನ ಲಕ್ಸರ್‌ನಿಂದ ಈ ತಮ್ಮನನ್ನು ನೋಡಲು ಈ ಕೊಲ್ಲಿಯ ಶಹರಕ್ಕೆ ಬಂದಿದ್ದ ಹಸನಿಯ್ಯಾ, ತೂಗುಸೇತುವೆ, ರಬ್ಬರ್ ಹಾವಿನ ಹೊಂಡ, ಹೊಗೆ ಕಾರುವ ಗುಹೆ ಎಲ್ಲವನ್ನೂ ಗೊಣಗದೆ ದಾಟಿದ್ದಳು. ಇಲ್ಲಿ ಮಾತ್ರ ಅವಳ ಕಾಲು ಮುಂದೆ ಹೋಗಲಿಲ್ಲ. ಆ ಮನೆಯ ಗೋಡೆಯನ್ನೇ ನೋಡುತ್ತ ನಿಂತುಬಿಟ್ಟಳು.

ನೀಲಿ ಸುಣ್ಣದ ಗೋಡೆ. ಅದರ ಮೇಲೆ ಹಡಗು, ಕಾಬಾ, ಒಂದು ಒಂಟೆ. ಹಜ್ ಮುಗಿಸಿ ಬಂದವರ ಮನೆಗೆಲ್ಲ ಊರಲ್ಲಿ ಇಂಥ ಚಿತ್ರ ಬರೆಸುತ್ತಾರೆ, ಅದರಲ್ಲೇನೂ ಹೊಸದಿಲ್ಲ. ಆದರೆ ಈ ಒಂಟೆಗೆ ಐದು ಕಾಲು. ಅಂಥ ಒಂಟೆ ಈ ಭೂಮಿಯ ಮೇಲೆ ಇದ್ದದ್ದು ಒಂದೇ ಗೋಡೆಯಲ್ಲಿ. ಅವಳಪ್ಪ ಹಾಜಿ ಬದವಿಯ ಮನೆಗೆ ಚಿತ್ರ ಬರೆಯುವಾಗ ಕ್ಷೌರದ ನಸ್ರಲ್ಲಾ ಹರಟೆಯ ಭರದಲ್ಲಿ ಕಾಲಿನ ಲೆಕ್ಕ ತಪ್ಪಿದ್ದ. ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತ್ತು. “ಅಳಿಸ್ಬೇಡ ಬಿಡು. ಮಕ್ಕಾ ದೂರ, ಒಂದು ಕಾಲು ಹೆಚ್ಚಿದ್ರೆ ಒಳ್ಳೇದೇ” ಎಂದಿದ್ದ ಅಪ್ಪ. ಬಂದ ಪ್ರವಾಸಿಗರೆಲ್ಲ ಅದರ ಫೋಟೊ ಹೊಡೆದುಕೊಂಡು ಹೋಗುತ್ತಿದ್ದರು. ಆಮೇಲೆ ಒಂದು ದಿನ ಬುಲ್ಡೋಜರ್ ಬಂತು. ಮನೆಗಳ ಕೆಳಗೆ ಫೇರೋಗಳ ಕಾಲದ ಗೋರಿಗಳಿವೆ ಎಂದು ಓಣಿಗೆ ಓಣಿಯನ್ನೇ ನೆಲಸಮ ಮಾಡಿದರು.

ಅಂಥ ಯಾವುದೋ ಫೋಟೊ ನೋಡಿ ಬರೆದಿದ್ದ ಇಲ್ಲಿನ ಚಿತ್ರದ ಕೆಳಗೆ, ಅಪ್ಪನ ಹೆಸರಿದ್ದ ಜಾಗದಲ್ಲಿ ಈಗ ಬೇರೇನೋ ಬರೆದಿತ್ತು. ಹಸನಿಯ್ಯಾಳಿಗೆ ಓದಲು ಬರದು. “ಏನೋ ಅದು?” ಎಂದು ತಮ್ಮನನ್ನು ಕೇಳಿದಳು.

“ಏನಿಲ್ಲಕ್ಕ, ಆಟದ್ದು. ಮುಂದೆ ದೋಣಿ ಇದೆ, ನಡಿ.”

“ನಾನು ಓದ್ತೀನಿ ಅತ್ತೆ,” ಎಂದಳು ರೊದೈನಾ. “ಗೋರಿಗಳ್ಳರ ಸರದಾರನ ಮನೆ!”

ಹಸನಿಯ್ಯಾಳಿಗೆ ಪಿತ್ತ ನೆತ್ತಿಗೇರಿತು. ಅಪ್ಪ ಬದುಕಿಡೀ ಇನ್ನೊಬ್ಬರ ಹೊಲದ ಒಂದು ಕಬ್ಬಿನ ಜಲ್ಲೆಯನ್ನೂ ಮುರಿದವನಲ್ಲ. ಗುಡ್ಡದ ಮೇಲಿನ ಆ ಊರಿನವರೆಲ್ಲ ಗೋರಿ ಬಗೆದು ತಿಂದವರು ಎಂದು ಕಂಡಕಂಡವರ ಬಾಯಲ್ಲಿ ಕೇಳಿ ಕೇಳಿ, ಹೆಸರೊಂದು ಉಳಿದರೆ ಸಾಕೆಂದು ಹಜ್ ಮಾಡಿ ಬಂದಿದ್ದ. ಮನೆ ಕೆಡವಿದವರು ಹೆಸರನ್ನಾದರೂ ಬಿಟ್ಟಿದ್ದರು, ಇವರು ಅದನ್ನೂ ಬಿಡಲಿಲ್ಲ. ಅವಳು ಅಡ್ಡ ಕಟ್ಟಿದ್ದ ಹಗ್ಗ ದಾಟಿ ಸೀದಾ ಹೋಗಿ ಆ ಮನೆಯ ಜಗಲಿಯ ಮೇಲೆ ಕೂತಳು. ಮಣ್ಣಿನದರಂತೆ ಕಾಣುತ್ತಿದ್ದ ಜಗಲಿ ಪ್ಲಾಸ್ಟಿಕ್ಕಿನದು. ಕೂತರೆ ಖಾಲಿ ಡಬ್ಬದ ಹಾಗೆ ಸದ್ದು ಮಾಡಿತು.

ಸತ್ತು ಬಿದ್ದಿದ್ದ ಕಳ್ಳ ಒಂದು ಕಣ್ಣು ತೆರೆದ. “ಏಳಮ್ಮಾ, ಮುಂದಿನ ಗುಂಪು ಬರೋ ಹೊತ್ತಾಯ್ತು. ನಾನು ಮತ್ತೆ ಸಾಯ್ಬೇಕು.”

ಮಾತಿನ ಎಳೆತದಲ್ಲೇ ಗೊತ್ತಾಯಿತು, ತಮ್ಮ ಕಡೆಯವನು. “ಯಾವೂರೋ ನಿಂದು?”

“ಇಸ್ನಾ.”

“ನಿಮ್ಮಪ್ಪ ಹಜ್ಜಿಗೆ ಹೋಗಿದ್ರಾ?”

“ಹೂಂ, ಹೋಗಿದ್ರು.”

“ಗೋಡೆಗೆ ಚಿತ್ರ ಬರ್ಸಿದ್ರಾ?”

“ಬರ್ಸಿದ್ವಿ.”

“ಅಂಥ ಗೋಡೆ ಮುಂದೆ ಕಳ್ಳ ಅನ್ನಿಸ್ಕೊಂಡು ದಿನಾ ಹೊರಳಾಡ್ತೀಯಲ್ಲೋ, ನಾಚಿಕೆ ಆಗಲ್ವಾ ನಿಂಗೆ?”

“ಹೊಟ್ಟೆಪಾಡಮ್ಮಾ,” ಎಂದು ಅವನು ಎದ್ದು ನಿಂತು ಪೇಟದ ಧೂಳು ಕೊಡವಿಕೊಂಡ.

ವಾಕಿಟಾಕಿ ಹಿಡಿದ ಮೇಲ್ವಿಚಾರಕಿ ಓಡಿ ಬಂದಳು. “ದಯವಿಟ್ಟು ಏಳಿ ಅಮ್ಮಾ. ಇದು ನಿಮ್ಮ ಮನೆಯಲ್ಲ.”

“ಊರಲ್ಲೂ ಹೀಗೇ ಅಂದ್ರು. ಇದು ನಿಮ್ಮನೆಯಲ್ಲ, ಫೇರೋಂದು ಅಂತ. ಅವರು ಬುಲ್ಡೋಜರ್ ತಂದಿದ್ರು. ನೀನೇನು ತಂದಿದ್ದೀಯಾ?”

“ಇದು ಬರೀ ಅಲಂಕಾರಕ್ಕೆ...”

“ಜಗಲಿ ಮೇಲೆ ಕೂತೋರನ್ನ ಒಂದು ಲೋಟ ಚಹಾ ಕೂಡ ಕೊಡದೆ ಎಬ್ಬಿಸ್ತಾರೇನೇ, ಮರ್ಯಾದಸ್ಥರು? ಆ ಬರಹ ಅಳಿಸೋ ತನಕ ನಾನು ಏಳಲ್ಲ. ಹಾಜಿ ಬದವಿ ಮನೆ ಅಂತ ಬರೀರಿ.”

ಶಾಜ್ಲಿಯ ಮುಖ ಕಪ್ಪಿಟ್ಟಿತು. ಈ ಪಾರ್ಕಿನ ಎ.ಸಿ. ರಿಪೇರಿ ಅವನು ಕೆಲಸ ಮಾಡುವ ಕಂಪನಿಯದೇ. “ಅಕ್ಕಾ, ನನ್ನ ಅನ್ನಕ್ಕೆ ಕಲ್ಲು ಹಾಕ್ಬೇಡ. ನಾಲ್ಕು ಜನ ನೋಡ್ತಿದ್ದಾರೆ. ಯಾವುದೋ ಒಂಟೆಗೋಸ್ಕರ...”

“ಯಾವುದೋ ಒಂಟೆನಾ? ಕಾಲು ಎಣಿಸೋ, ಕುರುಡ!”

ಶಾಜ್ಲಿ ಎಣಿಸಿದ. ನಂಬಿಕೆ ಬರದೆ ಮತ್ತೊಮ್ಮೆ ಎಣಿಸಿದ. ಆಮೇಲೆ ಹಗ್ಗ ದಾಟಿ ಬಂದು ಅಕ್ಕನ ಪಕ್ಕ ಕೂತ. ರೊದೈನಾ ಬಂದೂಕನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

ಅಷ್ಟರಲ್ಲಿ ಮುಂದಿನ ಗುಂಪು ಗುಹೆಯಿಂದ ಹೊರಗೆ ಬಂತು. ಯಂತ್ರಕ್ಕೇನು ಗೊತ್ತು, ಧ್ವನಿವರ್ಧಕ ಎಂದಿನಂತೆ ಕಿರುಚಿತು: “ಅಗೋ ಕಳ್ಳರು! ಒಬ್ಬರನ್ನೂ ಬಿಡಬೇಡಿ!” ಕೆಂಪು ಚುಕ್ಕೆಗಳು ಹಸನಿಯ್ಯಾಳ ಕರಿಯ ನಿಲುವಂಗಿಯ ಮೇಲೆ, ಶಾಜ್ಲಿಯ ಎದೆಯ ಮೇಲೆ ಹರಿದಾಡಿದವು. ಅವಳು ಕದಲಲಿಲ್ಲ. ಹೊಡೆಯುವವರ ಮುಖವನ್ನೇ ದುರುಗುಟ್ಟಿಕೊಂಡು ನೋಡಿದಳು. ಇಸ್ನಾದವನಿಗೂ ಬೆಳಕು ತಾಗಿತು. ಅವನು ಒಮ್ಮೆ ಮೇಲ್ವಿಚಾರಕಿಯ ಕಡೆ ನೋಡಿದ, ಒಮ್ಮೆ ಗೋಡೆಯ ಕಡೆ ನೋಡಿದ, ನಿಂತೇ ಇದ್ದ.

“ಅಮ್ಮಾ,” ಎಂದು ಗುಂಪಿನಲ್ಲೊಂದು ಮಗು ರಾಗ ಎಳೆಯಿತು, “ಈ ಬಂದೂಕು ಕೆಟ್ಟೋಗಿದೆ. ಯಾರೂ ಬೀಳ್ತಾನೇ ಇಲ್ಲ.”