ಕೆಡದ ಮಿಕ್ಸಿಯ ರಿಪೇರಿ

ಬಂದವರ ಮಿಕ್ಸಿ ಕೆಟ್ಟಿರಲಿಲ್ಲ.

ಮೋಟರ್ ರಿಪೇರಿ ಅಂಗಡಿಯ ಯಜಮಾನ ಚನ್ನವೀರಯ್ಯ ಸ್ವಿಚ್ ಹಾಕಿ ನೋಡಿದ. ಗುಯ್ಯೆಂದು ತಿರುಗಿತು. ಆರಿಸಿ ಮತ್ತೆ ಹಾಕಿದ. ಇನ್ನೂ ಚೆನ್ನಾಗಿ ತಿರುಗಿತು. ಗಂಡ ಹೆಂಡತಿ ಇಬ್ಬರೂ ಬಸ್ಸು ಹತ್ತಿ, ಸರಿಯಾಗಿಯೇ ಇರುವ ಮಿಕ್ಸಿಯನ್ನು ಹೆಬ್ಬೂರಿನಿಂದ ಗುಬ್ಬಿಯ ತನಕ ಹೊತ್ತು ತಂದಿದ್ದಾರೆಂದರೆ ಏನರ್ಥ? ಅವರ ಕಣ್ಣು ಮಿಕ್ಸಿಯ ಮೇಲಿರಲೂ ಇಲ್ಲ. ಒಳಗೆ ಬೆಂಚಿನ ಮೇಲೆ ಕೂತು ಬೋರ್‌ವೆಲ್ ಮೋಟರಿಗೆ ತಾಮ್ರದ ತಂತಿ ಸುತ್ತುತ್ತಿದ್ದ ಅಕ್ಷತಾಳ ಮೇಲಿತ್ತು.

ಹೋದ ವಾರ ತುಮಕೂರಿನವರು ತಂದ ಟೇಬಲ್ ಫ್ಯಾನೂ ಹೀಗೇ ಕೆಟ್ಟಿರಲಿಲ್ಲ.

ಚನ್ನವೀರಯ್ಯನಿಗೆ ವಿಷಯ ಹೊಳೆಯಲು ತಡವಾಗಲಿಲ್ಲ. ಕುಣಿಗಲ್‌ನಲ್ಲಿ ಯಾರೋ ದೊಡ್ಡ ಮೋಟರ್ ಅಂಗಡಿ ತೆರೆಯುತ್ತಿದ್ದಾರೆ, ಒಳ್ಳೆಯ ಕೆಲಸಗಾರರಿಗೆ ಬಲೆ ಬೀಸುತ್ತಿದ್ದಾರೆ ಎಂಬ ಸುದ್ದಿ ಗುಬ್ಬಿಯ ಸಂತೆಯವರೆಗೂ ಬಂದಿತ್ತು. ಇವರು ಅವರ ಕಡೆಯ ಬೇಹುಗಾರರು. ಅನುಮಾನವೇ ಇಲ್ಲ.

ಅಕ್ಷತಾ ಹೋದರೆ ಅಂಗಡಿಯೇ ಹೋದಂತೆ. ಅವಳಿಗಿಂತ ಮೊದಲಿದ್ದ ಕದರಯ್ಯ ಸುತ್ತಿದ ಮೋಟರುಗಳು ತೋಟ ಮುಟ್ಟುವ ಮೊದಲೇ ಹೊಗೆಯಾಡುತ್ತಿದ್ದವು. ಗಿರಾಕಿಗಳಿಂದ ಬೈಸಿಕೊಂಡೇ ಚನ್ನವೀರಯ್ಯನ ತಲೆಗೂದಲು ಉದುರಿದ್ದು. ಈಗ ತೆಂಗಿನ ತೋಟದವರು ಆ ಹುಡುಗಿಯೇ ಸುತ್ತಬೇಕೆಂದು ಹಟ ಹಿಡಿದು ಕಾಯುತ್ತಾರೆ. ಹಾಗಾಗಿ ಸುದ್ದಿ ಕಿವಿಗೆ ಬಿದ್ದ ಕೂಡಲೇ ಚನ್ನವೀರಯ್ಯ ಅವಳ ಸಂಬಳ ಏರಿಸಿದ್ದ. ತಲೆಯ ಮೇಲೆ ಹೊಸ ಫ್ಯಾನು ಹಾಕಿಸಿದ್ದ. ಸಂಜೆ ಟೀ ಜೊತೆ ಬೋಂಡ ತರಿಸತೊಡಗಿದ್ದ. ಅಷ್ಟಕ್ಕೇ ನಿಲ್ಲಿಸಿದ್ದರೆ ಅವನು ಚನ್ನವೀರಯ್ಯ ಹೇಗಾದಾನು?

"ಆ ಹುಡುಗಿ ಹೆಂಗೆ?" ಹೆಬ್ಬೂರಿನ ಗಂಡಸು ಮೆತ್ತಗೆ ಕೇಳಿದ. "ಜನದ ಜೊತೆ ಹೊಂದ್ಕೊಂಡು ಹೋಗ್ತಾಳಾ?"

"ಏನ್ ಹೇಳ್ಲಿ ಸ್ವಾಮಿ, ಮೂಗಿನ ತುದೀಲೇ ಕೋಪ. ಮೊನ್ನೆ ಗಿರಾಕಿ ಮೇಲೆ ಸ್ಪ್ಯಾನರ್ ಎಸೆದ್ಲು."

ಹೆಂಗಸು ಮಿಕ್ಸಿಯನ್ನು ಎದೆಗವಚಿಕೊಂಡಳು.

"ಊಟ ಆಗ್ತಿದ್ದಂಗೆ ನಿದ್ದೆ. ಎಬ್ಬಿಸಿದ್ರೆ ಮತ್ತೆ ಸ್ಪ್ಯಾನರ್. ಬುಡಿ, ನಮ್ ಕರ್ಮ, ನಾವೇ ಅನುಭವಿಸ್ತೀವಿ."

ತುಮಕೂರಿನವರಂತೆ ಅವರೂ ಸಿಕ್ಕ ಬಸ್ಸಿಗೇ ಹೊರಟುಹೋದರು. ಚನ್ನವೀರಯ್ಯ ಅಂದು ಎರಡು ಬೋಂಡ ಹೆಚ್ಚಿಗೆ ತಿಂದ.

ಮಾರನೆಯ ದಿನ ಅಕ್ಷತಾ ಯಾವುದೋ ತೋಟಕ್ಕೆ ಮೋಟರ್ ಕೂರಿಸಲು ಹೋಗಿದ್ದಾಗ ಅವಳ ತಾಯಿ ನರಸಿಂಹಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಡಿಗೆ ನುಗ್ಗಿದಳು.

"ಏನ್ ಯಜಮಾನ್ರೇ, ನನ್ ಮಗಳು ಯಾರ್ ಮೇಲೆ ಸ್ಪ್ಯಾನರ್ ಎಸೆದ್ಲು? ಹೇಳಿ!"

ಚನ್ನವೀರಯ್ಯನ ಟೀ ಲೋಟ ಬಾಯಿಯ ಹತ್ತಿರವೇ ನಿಂತಿತು.

"ತುಮಕೂರಿನ ಸಂಬಂಧ ಹೋಯ್ತು, ಈಗ ಹೆಬ್ಬೂರಿಂದೂ ಹೋಯ್ತು. ಹೆಣ್ಣು ನೋಡೋ ಶಾಸ್ತ್ರ ಆಮೇಲೆ, ಮೊದ್ಲು ಗಿರಾಕಿಗಳ ಥರ ಹೋಗಿ ಹುಡುಗೀನ ನೋಡ್ಕೊಂಡು, ಯಜಮಾನ್ರನ್ನೂ ಒಂದ್ ಮಾತು ಕೇಳಿ ಅಂತ ನಾನೇ ಕಳಿಸಿದ್ದು. ನೀವ್ ನೋಡಿದ್ರೆ ಬಾಯಿಗೆ ಬಂದಂಗೆ..." ಅವಳ ಕಣ್ಣು ತುಂಬಿತು. "ಮದ್ವೆ ಆದ್ರೂ ಕೆಲಸ ಬಿಡಲ್ಲ ಅನ್ನೋದು ಅವಳ ಕಂಡೀಷನ್. ಅದಕ್ಕೆ ಒಪ್ಪೋರನ್ನ ಹುಡುಕಿ ಹುಡುಕಿ ಸಾಕಾಗೈತೆ. ಇನ್ನೊಂದು ಸಂಬಂಧ ತಪ್ಪಿ ಹೋಗ್ಲಿ, ಅವಳನ್ನ ನಿಮ್ ಅಂಗಡಿಯಿಂದ ಬಿಡಿಸ್ತೀನಿ, ನೋಡ್ತಾ ಇರಿ."

ಚನ್ನವೀರಯ್ಯನಿಗೆ ನಿಜಕ್ಕೂ ನಾಚಿಕೆಯಾಯಿತು. ಹೆತ್ತವಳ ಕಣ್ಣಲ್ಲಿ ನೀರು ಹಾಕಿಸಿದೆನಲ್ಲ ಎಂದು ತನ್ನನ್ನೇ ಬೈದುಕೊಂಡ. ಮದುವೆಯಾದರೂ ಹುಡುಗಿ ಕೆಲಸ ಬಿಡುವುದಿಲ್ಲ ಎಂದು ಕೇಳಿ ಒಳಗೊಳಗೇ ತುಸು ಸಮಾಧಾನವೂ ಆಯಿತು.

"ಇನ್ ಯಾರಾದ್ರೂ ಬರ್ಲಿ ತಾಯಿ" ಎಂದು ಕೈಮುಗಿದ. "ಈ ಸಲ ನನ್ ಬಾಯಲ್ಲಿ ಬರೀ ಜೇನುತುಪ್ಪ."

ಬಂದೇ ಬಂದರು. ಕಾರಿನಲ್ಲಿ ಬಂದರು. ಹಣೆತುಂಬ ವಿಭೂತಿಯ ಗಂಡಸು, ರೇಷ್ಮೆ ಸೀರೆಯ ಹೆಂಗಸು, ಕೈಯಲ್ಲಿ ಹೂವು, ಬಾಳೆಹಣ್ಣು. ಮಿಕ್ಸಿ ಇರಲಿಲ್ಲ, ಫ್ಯಾನೂ ಇರಲಿಲ್ಲ. ನೇರ ಜನ ಎಂದು ಚನ್ನವೀರಯ್ಯ ಮೆಚ್ಚಿಕೊಂಡ. ಅಕ್ಷತಾ ಊಟಕ್ಕೆ ಮನೆಗೆ ಹೋಗಿದ್ದಳು. ಅದೂ ಒಳ್ಳೆಯದೇ ಆಯಿತು.

"ಯಡಿಯೂರಲ್ಲಿ ಪೂಜೆ ಮಾಡಿಸ್ಕೊಂಡು ಬಂದ್ವಿ. ಶುಭ ಕಾರ್ಯ ನೋಡಿ" ಎಂದು ಗಂಡಸು ಪ್ರಸಾದ ಕೊಟ್ಟು ತಡವರಿಸಿದ. "ಆ ಹುಡುಗಿ ವಿಷಯ. ನಿಮ್ಮನ್ನೇ ಕೇಳೋದು ಸರಿಯೋ ತಪ್ಪೋ..."

"ನನ್ನ ಕೇಳ್ದೆ ಇನ್ಯಾರನ್ನ ಕೇಳ್ತೀರಾ? ಚಿನ್ನ ಸ್ವಾಮಿ, ಅಪ್ಪಟ ಚಿನ್ನ! ಒಂದು ದಿನಾನೂ ಎದುರು ಮಾತಾಡಿಲ್ಲ. ಹಿಡಿದ ಕೆಲಸ ಮುಗಿಯೋವರ್ಗೂ ಊಟದ ನೆನಪೇ ಇರಲ್ಲ. ನಿದ್ದೆ ಅಂದ್ರೆ ಏನೂಂತ ಗೊತ್ತಿಲ್ಲ!"

"ನಮ್ ಹುಡುಗ ಒಬ್ನೇ ಒದ್ದಾಡ್ತವ್ನೆ" ಎಂದಳು ಹೆಂಗಸು. "ಇಂಥೋಳು ಜೊತೆಗಿದ್ರೆ ನಮಗೆ ಚಿಂತೆ ಇರಲ್ಲ. ಮಗಳ ಥರ ನೋಡ್ಕೋತೀವಿ."

"ಆದ್ರೆ ಒಂದು ಮಾತು" ಚನ್ನವೀರಯ್ಯ ಬೆರಳೆತ್ತಿದ. "ಕೆಲಸ ಬಿಡಿಸ್ಬಾರ್ದು."

"ಅಯ್ಯೋ, ಬಿಡಿಸ್ತೀವಾ! ಕೆಲಸ ಮಾಡ್ಲಿ ಅಂತಾನೇ ಅಲ್ವಾ?" ಗಂಡಸು ನಕ್ಕ. "ಹುಡುಗಿ ಹತ್ರ ಫೋನಲ್ಲಿ ಮಾತಾಡಿದ್ದೀವಿ. ಯಜಮಾನ್ರ ಒಪ್ಪಿಗೆ ಇಲ್ದೆ ಬರೋದೇ ಇಲ್ಲ ಅಂದ್ಬಿಟ್ಲು."

ಚನ್ನವೀರಯ್ಯ ಪ್ರಸಾದವನ್ನು ಕಣ್ಣಿಗೊತ್ತಿಕೊಂಡ. ಸ್ವಂತ ಮಗಳೂ ಇಷ್ಟು ಮರ್ಯಾದೆ ಕೊಡುವುದಿಲ್ಲ.

"ನಾನೇ ಮುಂದೆ ನಿಂತು ಕಳಿಸ್ಕೊಡ್ತೀನಿ ಅಂತ ಹೇಳಿ ಹೋಗಿ!"

ಗಂಡಸು ಅವನ ಎರಡೂ ಕೈ ಹಿಡಿದುಕೊಂಡ. "ಇಂಥ ದೊಡ್ಡ ಮನಸ್ಸು ನಾನೆಲ್ಲೂ ಕಂಡಿಲ್ಲ ಸ್ವಾಮಿ."

ಸೋಮವಾರ ಅಕ್ಷತಾ ಪೇಡೆಯ ಡಬ್ಬಿಯೊಂದಿಗೆ ಬಂದಳು. ಬಗ್ಗಿ ಅವನ ಕಾಲು ಮುಟ್ಟಿದಳು. ಚನ್ನವೀರಯ್ಯ ಎರಡು ಪೇಡೆಯನ್ನು ಒಟ್ಟಿಗೇ ಬಾಯಿಗೆ ಹಾಕಿಕೊಂಡು, "ಹುಡುಗನ್ನ ನೋಡಿದ್ಯೇನಮ್ಮ? ಏನ್ ಓದವ್ನೆ?" ಎಂದ.

"ಯಾವ್ ಹುಡುಗ ಸಾರ್?" ಅಕ್ಷತಾ ಕಣ್ಣೊರೆಸಿಕೊಂಡಳು. "ನಿಮ್ಮನ್ನ ಬಿಟ್ಟು ಹೋಗೋಕೆ ನಂಗೆ ಮನಸ್ಸೇ ಇರ್ಲಿಲ್ಲ, ನೀವೇ ಮುಂದೆ ನಿಂತು ಕಳಿಸ್ಕೊಡ್ತೀನಿ ಅಂದ್ರಂತಲ್ಲ, ಅದಕ್ಕೇ ಒಪ್ಕೊಂಡೆ, ಒಂದನೇ ತಾರೀಖಿಂದ ಕುಣಿಗಲ್‌ನ ಹೊಸ ಮೋಟರ್ ಅಂಗಡಿಗೆ ಹೋಗ್ತಿದೀನಿ."